ವಿದ್ಯಾರ್ಥಿಗಳ ಕಲಾಪ್ರದರ್ಶನ: ನೋಡಲು ಬರುವವರು ಮಾಡಬೇಕಾದ್ದು, ಮಾಡಬಾರದ್ದು

ವರ್ಷದ ಕೊನೆಗೆ ನಮ್ಮ ದೃಶ್ಯಕಲಾ ಕಾಲೇಜುಗಳ ಗ್ಯಾಲರಿ ಬಾಗಿಲು ಊರಿಗೆಲ್ಲ ತೆರೆಯುತ್ತದೆ. ದಾವಣಗೆರೆ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯ, ಮೈಸೂರಿನ ಕಾವಾ ಕಾಲೇಜು, ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಧಾರವಾಡ ಮತ್ತು ಕಲಬುರಗಿಯ ಕಾಲೇಜುಗಳು, ಎಲ್ಲಿಗೆ ಹೋದರೂ ವಿದ್ಯಾರ್ಥಿಗಳ ಪ್ರದರ್ಶನಕ್ಕೆ ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ. ಟಿಕೆಟ್ ಇಲ್ಲವೆಂದ ಮಾತ್ರಕ್ಕೆ ನಿಯಮವೂ ಇಲ್ಲವೆಂದು ಯಾರೂ ತಿಳಿಯಬಾರದು. ಕೆಳಗಿನದನ್ನು ಮನೆಯಲ್ಲೇ ಓದಿಕೊಂಡು ಬನ್ನಿ.

ಗೋಡೆಯ ಮೇಲಿರುವುದು ಕಲಿಯುತ್ತಿರುವವರ ಕೆಲಸ. ದೃಶ್ಯಕಲೆಯ ಪದವಿ ಬಿ.ವಿ.ಎ. ಎಂದರೆ ನಾಲ್ಕು ವರ್ಷ, ಸ್ನಾತಕೋತ್ತರ ಎಂ.ವಿ.ಎ. ಇನ್ನೆರಡು ವರ್ಷ. ಅಷ್ಟೂ ಕಾಲ ಈ ಕೆಲಸವನ್ನು ನೋಡಿದವರು ಮೇಷ್ಟ್ರುಗಳು, ಸಹಪಾಠಿಗಳು, ಹಾಸ್ಟೆಲ್ ಗೆಳೆಯರು. ಮುಖಪರಿಚಯವೂ ಇಲ್ಲದವರೊಬ್ಬರು ಬಂದು ಎದುರು ನಿಂತು ನೋಡುವುದು ಬಹಳ ಮಂದಿಗೆ ಇಲ್ಲೇ ಮೊದಲು. ಆ ಮೊದಲ ನೋಟದಿಂದ ಧೈರ್ಯ ತುಂಬಿಕೊಂಡವರನ್ನೂ ಅಲ್ಲಿಗೇ ಕುಂಚ ಕೆಳಗಿಟ್ಟವರನ್ನೂ ನಾನು ಕಂಡಿದ್ದೇನೆ. ಆದ್ದರಿಂದ ಇಲ್ಲಿನ ನಿಯಮಗಳಲ್ಲಿ ಕೆಲವು ಕೃತಿಗಳ ಕಾವಲಿಗೆ, ಉಳಿದವು ಅವನ್ನು ಮಾಡಿದವರ ಸಲುವಾಗಿ. ಎರಡೂ ಕಡ್ಡಾಯ.

ಕನಿಷ್ಠ ಒಂದು ಗಂಟೆ ಬಿಡುವು ಮಾಡಿಕೊಂಡು ಬನ್ನಿ. ಮದುವೆಗೆ ಹೊರಟವರು ದಾರಿಯಲ್ಲಿ ಹತ್ತು ನಿಮಿಷ ಇಳಿದು ಮುಖ ತೋರಿಸಿ ಹೋಗುವುದು ಬೇಡ. ವಿದ್ಯಾರ್ಥಿಗಳಿಗೆ ನಿಮ್ಮ ಹೊಗಳಿಕೆಗಿಂತ ನಿಮ್ಮ ಹೊತ್ತು ಬೇಕು.

ಬಾಗಿಲಲ್ಲೇ ಬಿಡಬೇಕಾದ್ದು

ಬೆನ್ನಿನ ಚೀಲ, ಒದ್ದೆ ಕೊಡೆ, ಹೆಲ್ಮೆಟ್, ನೀರಿನ ಬಾಟಲಿ, ತಿಂಡಿಯ ಪೊಟ್ಟಣ ಇವೆಲ್ಲ ಕೌಂಟರಿನಲ್ಲೇ ಉಳಿಯಬೇಕು. ಬೆನ್ನಿಗೆ ಚೀಲ ಹಾಕಿಕೊಂಡವರಿಗೆ ತಮ್ಮ ಹಿಂದೆ ಇನ್ನೂ ಅರ್ಧ ಮೊಳ ಚಾಚಿಕೊಂಡಿದೆ ಎಂಬುದು ಮರೆತಿರುತ್ತದೆ. ಪಕ್ಕಕ್ಕೆ ತಿರುಗುತ್ತಾರೆ, ಪೀಠದ ಮೇಲಿನ ಮಣ್ಣಿನ ತಲೆ ಅಲುಗುತ್ತದೆ. ಕೌಂಟರ್ ಇಲ್ಲದ ಕಡೆ ಚೀಲವನ್ನು ಎದೆಯ ಕಡೆಗೆ ಹಾಕಿಕೊಳ್ಳಿ.

ಕಾಫಿ ಲೋಟ ಹಿಡಿದು ಒಳಗೆ ಬರುವುದು ಖಂಡಿತ ಕೂಡದು. 2015ರಲ್ಲಿ ತೈವಾನಿನ ತೈಪೆಯಲ್ಲಿ ನಡೆದ ಒಂದು ಪ್ರದರ್ಶನದಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬ ಕೈಯಲ್ಲಿ ಪಾನೀಯ ಹಿಡಿದುಕೊಂಡೇ ಎಡವಿದ. ಬೀಳುವಾಗ ಆಸರೆಗೆಂದು ಕೈ ಚಾಚಿದ್ದು ಹಳೆಯ ತೈಲಚಿತ್ರವೊಂದಕ್ಕೆ ತಗುಲಿ ಕ್ಯಾನ್ವಾಸ್ ತೂತಾಯಿತು. ಆ ಚಿತ್ರಕ್ಕೆ ವಿಮೆ ಇತ್ತು, ಸರಿಪಡಿಸುವ ತಜ್ಞರಿದ್ದರು, ಹುಡುಗನ ಮನೆಯವರ ತಲೆಗೆ ಏನೂ ಬರಲಿಲ್ಲ. ನಮ್ಮ ವಿದ್ಯಾರ್ಥಿಯ ಚಿತ್ರಕ್ಕೆ ವಿಮೆ ಎಲ್ಲಿಂದ ಬರಬೇಕು? ಅವಳ ಬಳಿ ಆ ಚಿತ್ರದ ಇನ್ನೊಂದು ಪ್ರತಿಯೂ ಇರುವುದಿಲ್ಲ.

ಮೊಬೈಲ್ ಸೈಲೆಂಟಿನಲ್ಲಿರಲಿ. ಕರೆ ಬಂದರೆ ಹೊರಗೆ ಹೋಗಿ ಮಾತಾಡಿ ಬನ್ನಿ.

ಮುಟ್ಟಬಾರದು

ಎಲ್ಲ ಗ್ಯಾಲರಿಗಳಲ್ಲೂ ಈ ಫಲಕ ಇರುತ್ತದೆ, ಎಲ್ಲರೂ ಓದುತ್ತಾರೆ, ಆದರೂ ಬೆರಳು ಮುಂದೆ ಹೋಗುತ್ತದೆ. ಕಾರಣ ಗೊತ್ತಿದ್ದರೆ ಕೈ ತಾನಾಗಿ ಹಿಂದೆ ಬರುತ್ತದೆ ಎಂಬ ನಂಬಿಕೆಯಿಂದ ಕಾರಣಗಳನ್ನೇ ಹೇಳುತ್ತೇನೆ.

ಮೊದಲು ತೈಲಚಿತ್ರ. ತೈಲವರ್ಣ ಒಣಗುವುದು ನೀರು ಆರಿದ ಹಾಗೆ ಆರಿ ಅಲ್ಲ. ಅದರೊಳಗಿನ ಅಗಸೆ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ನಿಧಾನವಾಗಿ ಗಟ್ಟಿಯಾಗುತ್ತದೆ. ತೆಳುವಾಗಿ ಹಚ್ಚಿದ್ದು ಕೆಲವು ದಿನಗಳಲ್ಲಿ ಕೈಗೆ ಅಂಟದ ಮಟ್ಟಕ್ಕೆ ಬಂದರೆ, ನೈಫಿನಿಂದ ದಪ್ಪಗೆ ಮೆತ್ತಿದ್ದು ಒಳಗಿನವರೆಗೆ ಒಣಗಲು ಆರು ತಿಂಗಳು, ಒಂದು ವರ್ಷವೇ ಹಿಡಿಯಬಹುದು. ವಿದ್ಯಾರ್ಥಿಗಳು ಕೊನೆಯ ಕ್ಯಾನ್ವಾಸನ್ನು ಮುಗಿಸುವುದು ಪ್ರದರ್ಶನದ ಹಿಂದಿನ ವಾರದಲ್ಲಿ, ಕೆಲವರಂತೂ ಹಿಂದಿನ ರಾತ್ರಿ. ಮೇಲೆ ಒಣಗಿದ ಕೆನೆ ಕಟ್ಟಿರುತ್ತದೆ, ಕೆಳಗೆ ಬಣ್ಣ ಇನ್ನೂ ಹಸಿ. ನೀವು ಹೆಬ್ಬೆರಳಿನಿಂದ ಒತ್ತಿದರೆ ಕೆನೆ ಮುರಿದು ನಿಮ್ಮ ಬೆರಳಿನ ಗೆರೆಗಳು ಅಲ್ಲಿ ಕಾಯಂ ಆಗಿ ಕೂರುತ್ತವೆ.

ಇದ್ದಿಲಿನ ಚಿತ್ರ, ಅಂದರೆ ಚಾರ್ಕೋಲ್, ಇನ್ನೂ ನಾಜೂಕು. ಇದ್ದಿಲಿಗೆ ಕಾಗದಕ್ಕೆ ಅಂಟಿಕೊಳ್ಳುವ ಗುಣವಿಲ್ಲ. ಕಾಗದದ ತರಿಯಲ್ಲಿ ಪುಡಿ ಸಿಕ್ಕಿಕೊಂಡಿರುತ್ತದೆ, ಅಷ್ಟೆ. ಪುಡಿಯನ್ನು ಹಿಡಿದಿಡುವ ಫಿಕ್ಸೇಟಿವ್ ಸಿಂಪಡಿಸಿದರೂ ಉಜ್ಜಿದರೆ ಹೋಗುತ್ತದೆ, ಸಾಫ್ಟ್ ಪೇಸ್ಟಲ್ಲಿನದೂ ಇದೇ ಪಾಡು. ಬೀಡಿ ಕಟ್ಟುವ ಅಜ್ಜಿಯೊಬ್ಬರ ಕೈಗಳನ್ನು ನಮ್ಮಲ್ಲೊಬ್ಬ ಹುಡುಗಿ ಆಳೆತ್ತರದ ಕಾಗದದಲ್ಲಿ ಬರೆದಿದ್ದಳು. ಬೆರಳ ಗಿಣ್ಣುಗಳ ಸುಕ್ಕು, ಉಗುರಿನ ಸಂದಿಯಲ್ಲಿ ಕೂತ ತಂಬಾಕಿನ ಕಪ್ಪು, ತೊಡೆಯ ಮೇಲಿನ ಮೊರ. ಗಾಜು ಹಾಕಿಸಲು ದುಡ್ಡಿರಲಿಲ್ಲ. ಎರಡನೆಯ ದಿನ ಸಂಜೆ ನೋಡಿದರೆ ಎಡಗೈ ಮಣಿಕಟ್ಟಿನಿಂದ ಅಂಚಿನವರೆಗೆ ಬೂದು ಬಣ್ಣದ ಒಂದು ಪಟ್ಟೆ ಎಳೆದಿತ್ತು. ಯಾರದೋ ದುಪಟ್ಟಾ ಅಥವಾ ಸೆರಗು ಸವರಿಕೊಂಡು ಹೋಗಿತ್ತು. ಹೋದವರಿಗೆ ಗೊತ್ತೇ ಆಗಿರಲಿಕ್ಕಿಲ್ಲ. ಸೆರಗು, ಶಾಲು, ದುಪಟ್ಟಾಗಳನ್ನು ಮುಂದಕ್ಕೆ ಎಳೆದು ಹಿಡಿದುಕೊಳ್ಳಿ, ಗೋಡೆಯಿಂದ ಎರಡು ಮೊಳ ದೂರ ನಿಲ್ಲಿ.

ಮೈಸೂರು ಸಾಂಪ್ರದಾಯಿಕ ಶೈಲಿಯ ಚಿತ್ರಗಳಲ್ಲಿ ಒಡವೆ, ಕಿರೀಟ, ಪ್ರಭಾವಳಿಗಳು ಉಬ್ಬಿಕೊಂಡಿರುತ್ತವೆ. ಅದು ಮಕ್ಕಿ ಸಫೇದ ಎಂಬ ಲೇಪದಿಂದ ಎಬ್ಬಿಸಿದ ಕೆಲಸ, ಮೇಲೆ ಚಿನ್ನದ ರೇಕು. ದೇವರ ಚಿತ್ರವೆಂದು ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು ನಮ್ಮಲ್ಲಿ ಬಹಳ. ಭಕ್ತಿ ಇದ್ದರೆ ದೂರದಿಂದಲೇ ಕೈಮುಗಿಯಿರಿ. ಕುಂಕುಮ ಹಚ್ಚುವುದು, ಹೂ ಏರಿಸುವುದು ಎರಡೂ ಬೇಡ. ಬೆರಳಿನ ಬೆವರು, ಎಣ್ಣೆ ತಾಗಿದ ಕಡೆ ರೇಕು ಮಂಕಾಗುತ್ತದೆ, ಎದ್ದೂ ಬರುತ್ತದೆ.

ಶಿಲ್ಪದ ಕೋಣೆಯಲ್ಲಿ ಕಣ್ಣಿಗೆ ಕಂಡದ್ದನ್ನು ನಂಬಬೇಡಿ. ಕಂಚಿನಂತೆ ಕಾಣುವುದು ಎಷ್ಟೋ ಸಲ ಬಣ್ಣ ಹಚ್ಚಿದ ಫೈಬರ್, ಕಲ್ಲಿನಂತೆ ಕಾಣುವುದು ಪ್ಲಾಸ್ಟರ್. ಕಂಚಿನ ಎರಕಕ್ಕೆ ಬೇಕಾದ ಹಣ ಎಲ್ಲ ವಿದ್ಯಾರ್ಥಿಗಳ ಬಳಿ ಇರುವುದಿಲ್ಲ. ಕೆಲವು ಮಣ್ಣಿನ ಕೃತಿಗಳು ಇನ್ನೂ ಆವಿಗೆ ಕಂಡಿರುವುದಿಲ್ಲ, ಬರೀ ಬಿಸಿಲಿಗೆ ಒಣಗಿದ ಹಸಿಮಣ್ಣು. ಕಿವಿ ಹಿಡಿದರೆ ಕಿವಿಯೇ ಕೈಗೆ ಬರುತ್ತದೆ. ಮರದ ಪೀಠಗಳನ್ನು ನೆಲಕ್ಕೆ ಜಡಿದಿರುವುದಿಲ್ಲ, ಅವಕ್ಕೆ ಒರಗಬೇಡಿ. ಫೋಟೋಕ್ಕೆಂದು ಹಿಂದೆ ಹಿಂದೆ ಹೆಜ್ಜೆ ಇಡಬೇಡಿ.

ವಿದ್ಯಾರ್ಥಿಯೇ ‘ಮುಟ್ಟಿ ನೋಡಿ’ ಎಂದು ಫಲಕ ಹಾಕಿದ್ದರೆ ಧಾರಾಳವಾಗಿ ಮುಟ್ಟಿ. ಕಣ್ಣು ಕಾಣದ ನೋಡುಗರು ಬಂದಾಗ ಸಂಬಂಧಪಟ್ಟ ವಿದ್ಯಾರ್ಥಿಯನ್ನು ಕರೆಸಿ, ಅವರ ಜೊತೆಯಲ್ಲಿ ಶಿಲ್ಪಗಳನ್ನು ಮುಟ್ಟಲು ಅವಕಾಶ ಮಾಡಿಕೊಡಬೇಕು. ಇದು ನೋಡುಗರಿಗೆ ಹೇಳುವ ಮಾತಲ್ಲ, ಗ್ಯಾಲರಿ ನೋಡಿಕೊಳ್ಳುವ ನಮಗೆ.

ನೆಲದ ಮೇಲಿರುವುದೂ ಕೃತಿ

ಮೂಲೆಯಲ್ಲಿ ಜೋಡಿಸಿದ ಇಟ್ಟಿಗೆ, ಚದುರಿದ ಭತ್ತ, ಹಳೆಯ ಚಪ್ಪಲಿಗಳ ಸಾಲು, ತೂಗು ಹಾಕಿದ ಹರಕು ಸೀರೆ. ಇವು ಇನ್‌ಸ್ಟಲೇಶನ್‌ಗಳು. ದಾಟಬೇಡಿ, ಸರಿಸಬೇಡಿ, ಖಾಲಿ ಕುರ್ಚಿ ಕಂಡರೆ ಕೂರುವ ಮೊದಲು ಕೇಳಿ. 2015ರಲ್ಲಿ ಇಟಲಿಯ ಬೊಲ್ಜಾನೊ ಊರಿನ ವಸ್ತುಸಂಗ್ರಹಾಲಯದಲ್ಲಿ ಖಾಲಿ ಬಾಟಲಿ, ಬಣ್ಣದ ಕಾಗದದ ಚೂರುಗಳಿಂದ ಮಾಡಿದ್ದ ಕೃತಿಯನ್ನು ಸ್ವಚ್ಛತಾ ಸಿಬ್ಬಂದಿ ಹಿಂದಿನ ರಾತ್ರಿಯ ಕಸವೆಂದು ಗುಡಿಸಿ ಚೀಲಕ್ಕೆ ತುಂಬಿದ್ದರು. ಅದು ಕೃತಿಯೆಂದು ಅವರಿಗೆ ತಿಳಿಯಲಿಲ್ಲ. ಆದ್ದರಿಂದ ಆಯೋಜಕರಿಗೂ ಒಂದು ಮಾತು: ಬೆಳಿಗ್ಗೆ ಕಸ ಗುಡಿಸಲು ಬರುವ ಅಮ್ಮನನ್ನು ಉದ್ಘಾಟನೆಗೆ ಮೊದಲೇ ಕರೆದುಕೊಂಡು ಹೋಗಿ ಒಂದೊಂದು ಕೃತಿಯನ್ನೂ ತೋರಿಸಿ, ಯಾರು ಮಾಡಿದ್ದು, ಏಕೆ ಮಾಡಿದ್ದು ಹೇಳಿ. ಆ ಪ್ರದರ್ಶನದ ಮೊದಲ ನೋಡುಗರು ಅವರೇ ಆಗಲಿ.

ನೋಡುವ ಕ್ರಮ

ಮೊದಲು ಸುಮ್ಮನೆ ಒಂದು ಸುತ್ತು ಹಾಕಿ. ಎಲ್ಲೂ ನಿಲ್ಲದಿದ್ದರೂ ಪರವಾಗಿಲ್ಲ. ಎರಡನೆಯ ಸುತ್ತಿನಲ್ಲಿ ಕಾಲು ತಾನಾಗಿ ನಿಂತ ಕಡೆ ನಿಲ್ಲಿ. ಚಿತ್ರದ ನಡುಭಾಗ ನೆಲದಿಂದ ಸುಮಾರು ಐದು ಅಡಿ ಎತ್ತರದಲ್ಲಿ, ನಿಂತವರ ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ತೂಗು ಹಾಕಿರುತ್ತೇವೆ. ಮೊದಲು ದೂರದಿಂದ ಇಡಿಯಾಗಿ ನೋಡಿ, ಆಮೇಲೆ ಹತ್ತಿರ ಬಂದು ಕುಂಚ ಎಲ್ಲಿ ನಿಧಾನವಾಗಿದೆ, ಎಲ್ಲಿ ಅವಸರ ಮಾಡಿದೆ ನೋಡಿ, ಮತ್ತೆ ಹಿಂದೆ ಸರಿಯಿರಿ. ಪಕ್ಕದ ಚೀಟಿಯನ್ನು ಕೊನೆಗೆ ಓದಿ. ಚೀಟಿ ಮೊದಲು ಓದಿದವರಿಗೆ ಚಿತ್ರದಲ್ಲಿ ಚೀಟಿಯೇ ಕಾಣುತ್ತದೆ.

ಜಲವರ್ಣ ಮತ್ತು ಕಾಗದದ ಕೆಲಸಗಳು ಬೆಳಕಿಗೆ ಮಾಸುತ್ತವೆ. ವಸ್ತುಸಂಗ್ರಹಾಲಯಗಳಲ್ಲಿ ಅವಕ್ಕೆ ಸುಮಾರು 50 ಲಕ್ಸ್ ಬೆಳಕು ಸಾಕೆಂದು ಇಟ್ಟುಕೊಂಡಿರುತ್ತಾರೆ. ಆ ಕೋಣೆ ಮಂದವಾಗಿ ಕಂಡರೆ ಕಿಟಕಿಯ ಪರದೆ ಸರಿಸಬೇಡಿ. ಒಂದೆರಡು ನಿಮಿಷದಲ್ಲಿ ಕಣ್ಣು ಹೊಂದಿಕೊಳ್ಳುತ್ತದೆ.

ಗ್ರಾಫಿಕ್ ವಿಭಾಗದ, ಅಂದರೆ ಅಚ್ಚು ತೆಗೆದ ಚಿತ್ರಗಳ, ಗೋಡೆಗೆ ಹೆಚ್ಚು ಹೊತ್ತು ಕೊಡಿ ಎಂದು ವಿಶೇಷವಾಗಿ ಕೇಳಿಕೊಳ್ಳುತ್ತೇನೆ, ಏಕೆಂದರೆ ಜನ ಬೇಗ ದಾಟಿಹೋಗುವುದು ಅದನ್ನೇ. ಗಾತ್ರ ಚಿಕ್ಕದು, ಬಣ್ಣ ಕಡಿಮೆ, ‘ಪ್ರಿಂಟ್’ ಎಂದ ಕೂಡಲೇ ಜೆರಾಕ್ಸ್ ಎಂಬ ಭಾವನೆ. ಒಂದು ಎಚಿಂಗ್ ಆಗುವ ಬಗೆ ಕೇಳಿ. ಸತುವಿನ ತಗಡನ್ನು ಉಜ್ಜಿ ನಯ ಮಾಡಿ, ಆಮ್ಲ ತಡೆಯುವ ಲೇಪ ಹಚ್ಚಿ, ಸೂಜಿಯಿಂದ ಗೆರೆ ಎಳೆಯುತ್ತಾರೆ. ತಗಡನ್ನು ನೈಟ್ರಿಕ್ ಆಮ್ಲದ ನೀರಿನಲ್ಲಿ ಮುಳುಗಿಸಿದಾಗ ಸೂಜಿ ಕೆರೆದ ಕಡೆಯಷ್ಟೇ ಆಮ್ಲ ಕೊರೆಯುತ್ತದೆ. ಎಷ್ಟು ಹೊತ್ತು ಮುಳುಗಿತ್ತೋ ಅಷ್ಟು ಆಳ, ಅಷ್ಟು ಕಪ್ಪು. ಆಮೇಲೆ ಗೆರೆಗಳಿಗೆ ಶಾಯಿ ತುಂಬಿ, ಮೇಲಿನದನ್ನೆಲ್ಲ ಒರೆಸಿ ತೆಗೆದು, ನೆನೆಸಿದ ಕಾಗದವನ್ನಿಟ್ಟು ಪ್ರೆಸ್ಸಿನ ಉರುಳೆಯಡಿ ಹಾಯಿಸುತ್ತಾರೆ. ಕಾಗದದ ಮೇಲೆ ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ಗುರುತು ಕಾಣುತ್ತದೆ, ಬೆಳಕಿಗೆ ಓರೆಯಾಗಿ ನಿಂತು ಹುಡುಕಿ. ಪ್ರತಿ ಪ್ರತಿಗೂ ಮತ್ತೆ ಶಾಯಿ, ಮತ್ತೆ ಒರೆಸುವುದು. ಕೈ ಬದಲಾದ ಹಾಗೆ ಪ್ರತಿಯೂ ಬದಲಾಗುತ್ತದೆ.

ಚಿತ್ರದ ಕೆಳಗೆ ಎಡಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ 3/10 ಎಂದು ಬರೆದಿರುವುದನ್ನು ನೋಡಿ ‘ಪಾಪ, ಹತ್ತಕ್ಕೆ ಮೂರೇ ಅಂಕ’ ಎಂದು ಮರುಗುವವರು ಇದ್ದಾರೆ. ಅದು ಅಂಕವಲ್ಲ. ಒಟ್ಟು ಹತ್ತು ಪ್ರತಿ ತೆಗೆದು, ಅದರಲ್ಲಿ ಇದು ಮೂರನೆಯದು ಎಂದು ಅರ್ಥ. ಎ/ಪಿ ಎಂದಿದ್ದರೆ ಆ ಲೆಕ್ಕದ ಹೊರಗೆ ಕಲಾವಿದರು ತಮಗಾಗಿ ಇಟ್ಟುಕೊಂಡ ಪ್ರತಿ.

‘ಇನ್ನೂ ಕಲಿಯುವ ಮಕ್ಕಳದ್ದು, ನೋಡುವುದೇನಿದೆ’ ಎನ್ನುವವರಿಗೆ ನಮ್ಮ ಕಲಾವಿದ ಕೆ. ವೆಂಕಟಪ್ಪನವರನ್ನು ನೆನಪಿಸಬೇಕು. ಮೈಸೂರು ಅರಸರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟಾಗೋರರ ಬಳಿ ಕಲಿತವರು ಅವರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಹಿಂದೂ ಬೌದ್ಧ ಪುರಾಣಕಥೆಗಳ ಪುಸ್ತಕ 1913ರಲ್ಲಿ ಹೊರಬಂದಾಗ ಅದರಲ್ಲಿ ವೆಂಕಟಪ್ಪನವರ ಚಿತ್ರಗಳಿದ್ದವು. ಆಗ ಅವರು ಇನ್ನೂ ಅಲ್ಲೇ ಕಲಿಯುತ್ತಿದ್ದರು.

ಫೋಟೋ

ಗ್ಯಾಲರಿಯವರು ಬೇಡವೆಂದಿರದಿದ್ದರೆ ತೆಗೆಯಿರಿ. ಫ್ಲ್ಯಾಶ್ ಬೇಡ, ಟ್ರೈಪಾಡ್ ಬೇಡ, ಸೆಲ್ಫಿ ಕೋಲು ಬೇಡ. ಚಿತ್ರಕ್ಕೆ ಬೆನ್ನು ಮಾಡಿ ಹತ್ತು ಫೋಟೋ ತೆಗೆಸಿಕೊಂಡವರು ಒಮ್ಮೆಯಾದರೂ ತಿರುಗಿ ಅದನ್ನು ನೋಡಬೇಕು.

ವಾಟ್ಸ್ಯಾಪಿಗೋ ಇನ್‌ಸ್ಟಾಗ್ರಾಮಿಗೋ ಹಾಕುವಾಗ ಮಾಡಿದವರ ಹೆಸರು, ಕೃತಿಯ ಶೀರ್ಷಿಕೆ ಇರಲೇಬೇಕು. ಅಂಚು ಕತ್ತರಿಸಬೇಡಿ, ಬಣ್ಣ ಏರಿಸುವ ಫಿಲ್ಟರ್ ಹಾಕಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ವಿದ್ಯಾರ್ಥಿ ತಾನಾಗಿ ಬರೆದ ಚಿತ್ರದ ಹಕ್ಕು ವಿದ್ಯಾರ್ಥಿಯದೇ. ಅದು ಅವರ ಜೀವಿತಕಾಲ ಮತ್ತು ಆನಂತರದ 60 ವರ್ಷ ಇರುತ್ತದೆ. ಗೋಡೆ ಮೇಲೆ ಕಂಡ ಚಿತ್ರವನ್ನು ನಿಮ್ಮ ಸಂಘದ ಆಮಂತ್ರಣ ಪತ್ರಿಕೆಗೆ, ಅಂಗಡಿಯ ಕ್ಯಾಲೆಂಡರಿಗೆ, ಪುಸ್ತಕದ ಮುಖಪುಟಕ್ಕೆ ಕೇಳದೆ ಬಳಸಿದರೆ ಅದು ಕಾನೂನಿನ ಉಲ್ಲಂಘನೆ. ‘ಹುಡುಗನಿಗೆ ಪ್ರಚಾರ ಸಿಗಲಿ ಎಂದು ಹಾಕಿದೆ’ ಎಂಬ ಉತ್ತರ ನಡೆಯುವುದಿಲ್ಲ. ಕೇಳಿ, ಬರಹದಲ್ಲಿ ಒಪ್ಪಿಗೆ ಪಡೆದು, ಸಲ್ಲಬೇಕಾದ್ದನ್ನು ಸಲ್ಲಿಸಿ ಬಳಸಿ.

ವಿದ್ಯಾರ್ಥಿಯೊಡನೆ ಮಾತು

ಕೃತಿಯ ಪಕ್ಕದಲ್ಲೇ, ಸ್ವಲ್ಪ ಹಿಂದಕ್ಕೆ, ಕೈ ಕಟ್ಟಿಕೊಂಡು ಒಬ್ಬರು ನಿಂತಿರುತ್ತಾರೆ. ನೀವು ಮುಖ ಎತ್ತಿದರೆ ಅವರು ಮುಖ ತಗ್ಗಿಸುತ್ತಾರೆ. ಅವರೇ ಮಾಡಿದವರು. ನೀವಾಗಿ ಮಾತಾಡಿಸಬೇಕು, ಅವರು ಮಾತಾಡಿಸುವುದಿಲ್ಲ. ‘ನೀವು’ ಎಂದೇ ಮಾತಾಡಿ. ವಯಸ್ಸಾದವರು ‘ಏನಪ್ಪಾ’, ‘ಏನಮ್ಮಾ’ ಎಂದರೆ ತಪ್ಪಿಲ್ಲ, ಅದರಲ್ಲಿ ಮನೆಯವರ ಧ್ವನಿ ಇರುತ್ತದೆ. ‘ಏಯ್, ಇದು ಯಾರದು?’ ಕೂಡದು.

‘ಇದರ ಅರ್ಥ ಏನು?’ ಎಂದು ಶುರು ಮಾಡಬೇಡಿ. ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗರು ಆ ಪ್ರಶ್ನೆಗೆ ಗಾಬರಿಯಾಗಿ ಎಲ್ಲೋ ಓದಿದ ದೊಡ್ಡ ಮಾತುಗಳನ್ನು ಒಪ್ಪಿಸುತ್ತಾರೆ, ಇಬ್ಬರಿಗೂ ಏನೂ ಸಿಗುವುದಿಲ್ಲ. ‘ಎಲ್ಲಿಂದ ಶುರು ಮಾಡಿದಿರಿ?’ ಎಂದು ಕೇಳಿ ನೋಡಿ. ‘ಯಾವ ಭಾಗ ಮತ್ತೆ ಮತ್ತೆ ತಿದ್ದಬೇಕಾಯಿತು?’, ‘ಈ ಜಾಗ ಎಲ್ಲಿಯದು?’, ‘ಈ ಕೆಂಪು ಹೇಗೆ ಬಂತು?’ ಕೈಕೆಲಸದ ಬಗ್ಗೆ ಕೇಳಿದರೆ ನಾಲಿಗೆ ಸಡಿಲವಾಗುತ್ತದೆ. ಹಿಂದೆ ನಿಂತಿದ್ದವರು ಒಂದು ಹೆಜ್ಜೆ ಮುಂದೆ ಬಂದು, ಕೈ ಬೀಸಿ, ಊರಿನ ಕೆರೆ, ಅಪ್ಪನ ಟ್ರ್ಯಾಕ್ಟರು, ರಾತ್ರಿ ಮೂರಕ್ಕೆ ಮುಗಿದುಹೋದ ಬಿಳಿ ಬಣ್ಣದ ಟ್ಯೂಬು ಎಲ್ಲ ಹೇಳುತ್ತಾರೆ. ಅರ್ಥ ಆ ಮಾತಿನ ನಡುವೆ ಎಲ್ಲೋ ಬಂದುಹೋಗಿರುತ್ತದೆ.

ಆಡಬಾರದ ಮಾತುಗಳಿವೆ. ‘ನನ್ನ ಮಗನೂ ಹೀಗೇ ಗೀಚುತ್ತಾನೆ.’ ‘ಥೇಟ್ ಫೋಟೋ ಥರ ಇದೆ, ಇದೊಂದು ಚೆನ್ನಾಗಿದೆ, ಉಳಿದವು ತಿಳಿಯಲಿಲ್ಲ.’ ‘ಇದನ್ನೇನು ಕೈಯಲ್ಲಿ ಮಾಡಿದ್ದಾ, ಎಐ ಮಾಡಿದ್ದಾ?’ ‘ನನ್ನದೊಂದು ಸ್ಕೆಚ್ ಹಾಕಿಕೊಡಿ, ಐದು ನಿಮಿಷದ ಕೆಲಸ.’ ಇವನ್ನು ಒಂದು ದಿನದಲ್ಲಿ ಒಬ್ಬರೇ ಎಷ್ಟು ಜನರಿಂದ ಕೇಳಬೇಕು ಎಂಬುದನ್ನು ಯೋಚಿಸಿ.

ಇಷ್ಟವಾಗದಿದ್ದರೆ ಹಾಗೆಂದು ಹೇಳಲು ನಿಮಗೆ ಪೂರ್ತಿ ಹಕ್ಕಿದೆ, ಹೇಳಲೂ ಬೇಕು. ಸುಳ್ಳು ಹೊಗಳಿಕೆಯಿಂದ ಯಾರೂ ಕಲಿತಿಲ್ಲ. ಆದರೆ ಬೆರಳಿಟ್ಟು ಹೇಳಿ: ‘ಮುಖದ ಮೇಲಿನ ಬೆಳಕು ಎಡದಿಂದ ಬರುತ್ತಿದೆ, ನೆರಳೂ ಎಡಕ್ಕೇ ಬಿದ್ದಿದೆಯಲ್ಲ’ ಎಂದರೆ ಆ ಹುಡುಗ ಇವತ್ತೇ ಹೋಗಿ ನೋಡುತ್ತಾನೆ. ‘ಏನೋ ಸರಿಯಿಲ್ಲ’ ಎಂದರೆ ರಾತ್ರಿಯೆಲ್ಲ ನಿದ್ದೆಗೆಡುತ್ತಾನೆ.

ಮಾತು ಬೇಡ ಎನಿಸಿದರೆ ಸುಮ್ಮನೆ ನೋಡಿ ಹೋಗಬಹುದು. ಆಗಲೂ ಅವರ ಕಡೆ ನೋಡಿ ತಲೆಯಾಡಿಸಿ.

ತಂದೆತಾಯಿಯರಿಗೆ

ದೂರದ ಊರಿನಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಬರುತ್ತೀರಿ. ನಿಮ್ಮ ಮಗಳ ಚಿತ್ರದ ಮುಂದೆ ಎಷ್ಟು ಹೊತ್ತು ಬೇಕಾದರೂ ನಿಲ್ಲಿ, ಯಾರೂ ಸರಿಯಿರಿ ಎನ್ನುವುದಿಲ್ಲ, ಕುರ್ಚಿ ಬೇಕಿದ್ದರೆ ಕೇಳಿ. ನಿಮ್ಮನ್ನೋ ನಿಮ್ಮ ಮನೆಯನ್ನೋ ಚಿತ್ರದಲ್ಲಿ ಕಂಡು ‘ನಮ್ಮ ಹರಕು ಗೋಡೆಯನ್ನೆಲ್ಲ ಜನರಿಗೆ ತೋರಿಸಬೇಕಿತ್ತಾ’ ಎಂದು ಬೇಸರ ಮಾಡಿಕೊಳ್ಳಬೇಡಿ. ಆ ಗೋಡೆಯ ಮುಂದೆಯೇ ಬೇರೆಯವರು ನಿಂತುಬಿಡುತ್ತಾರೆ, ಗಮನಿಸಿ.

‘ಇದರಿಂದ ಹೊಟ್ಟೆ ತುಂಬುತ್ತದಾ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದನ್ನು ನಮ್ಮ ಕೋಣೆಗೆ ಬಂದು ನಮ್ಮನ್ನು ಕೇಳಿ. ಶಾಲೆಯ ಡ್ರಾಯಿಂಗ್ ಮೇಷ್ಟ್ರ ಕೆಲಸ, ಅನಿಮೇಶನ್, ಜಾಹೀರಾತು, ರಂಗಸಜ್ಜಿಕೆ, ದೇವಸ್ಥಾನದ ಶಿಲ್ಪಕೆಲಸ, ಪುಸ್ತಕದ ಚಿತ್ರ ಎಂದು ಇರುವ ದಾರಿಗಳನ್ನೂ ಆ ದಾರಿಗಳ ಕಷ್ಟವನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಗೆಳೆಯರ ಎದುರು, ಅವಳದೇ ಚಿತ್ರದ ಕೆಳಗೆ ನಿಲ್ಲಿಸಿಕೊಂಡು ಮಗಳನ್ನು ಕೇಳಬೇಡಿ.

ಉದ್ಘಾಟಕರು, ಮುಖ್ಯ ಅತಿಥಿಗಳು

ದೀಪದ ಕಂಬ ಅಂಗಳದಲ್ಲಿರುತ್ತದೆ, ಒಳಗೆ ತರಲು ಹೇಳಬೇಡಿ. ಎಣ್ಣೆ, ಹೊಗೆ, ಕಿಡಿ ಮೂರೂ ಕಾಗದಕ್ಕೆ ಶತ್ರು. ಕೊಟ್ಟ ಹೂಗುಚ್ಛವನ್ನು ಶಿಲ್ಪದ ಪೀಠದ ಮೇಲಿಡಬೇಡಿ. ಹಿಂಬಾಲಕರ ಗುಂಪು ಹೊರಗೇ ನಿಲ್ಲಲಿ. ಮೊದಲ ಗೋಡೆಯ ಮುಂದೆ ಫೋಟೋ ತೆಗೆಸಿಕೊಂಡು ಕಾರು ಹತ್ತುವ ರೂಢಿಯನ್ನು ಬಿಟ್ಟುಬಿಡಿ. ಎಲ್ಲ ಕೋಣೆಗಳನ್ನೂ ನೋಡಲು ಬಿಡುವಿಲ್ಲದವರು ಆಹ್ವಾನವನ್ನೇ ಒಪ್ಪಿಕೊಳ್ಳಬಾರದು. ಕೊನೆಯ ಕೋಣೆಯಲ್ಲಿ ಬೆಳಿಗ್ಗೆಯಿಂದ ಇಸ್ತ್ರಿ ಅಂಗಿ ತೊಟ್ಟು ಕಾಯುತ್ತಿರುವವನೊಬ್ಬ ಇರುತ್ತಾನೆ.

ಶಾಲಾ ಮಕ್ಕಳನ್ನು ಕರೆತರುವವರಿಗೆ

ಒಮ್ಮೆಗೆ ಒಂದು ತರಗತಿ ಸಾಕು, ಮೊದಲೇ ತಿಳಿಸಿ ಬನ್ನಿ. ಸಾಲು ಕಟ್ಟಿಸಿ, ಬಾಯಿಗೆ ಬೆರಳಿಡಿಸಿ, ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ದಾಟಿಸಿಬಿಟ್ಟರೆ ಮಕ್ಕಳು ನೋಡುವುದು ಮುಂದಿನವರ ಬೆನ್ನನ್ನು. ಪ್ರತಿ ಮಗುವೂ ತನಗೆ ಬೇಕಾದ ಒಂದೇ ಕೃತಿಯನ್ನು ಆರಿಸಿಕೊಂಡು ನೆಲದ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಬಿಡಿಸಲಿ. ಪೆನ್ಸಿಲ್ ಮಾತ್ರ. ಪೆನ್ನು, ಸ್ಕೆಚ್ ಪೆನ್ನು, ಬಣ್ಣ ಬೇಡ, ಚಿಮ್ಮಿದ ಶಾಯಿಯನ್ನು ಹಿಂದಕ್ಕೆ ತೆಗೆಯಲಾಗುವುದಿಲ್ಲ. ‘ಇದು ಒಳ್ಳೆಯದು, ಅದು ಕೆಟ್ಟದ್ದು’ ಎಂದು ಮೊದಲೇ ಹೇಳಿಕೊಡಬೇಡಿ. ಚಿಕ್ಕ ಮಕ್ಕಳ ಕೈ ಶಿಲ್ಪದ ಕೋಣೆಯಲ್ಲಿ ನಿಮ್ಮ ಕೈಯಲ್ಲೇ ಇರಬೇಕು.

ದೇಹದ ಅಧ್ಯಯನ, ಮನಸ್ಸಿಗೆ ಒಗ್ಗದ ಚಿತ್ರ

ಲೈಫ್ ಸ್ಟಡಿ, ಅಂದರೆ ಮಾಡೆಲ್ ಕೂರಿಸಿಕೊಂಡು ದೇಹವನ್ನು ಬರೆಯುವುದು, ಪಠ್ಯದ ಭಾಗ. ಮನುಷ್ಯನ ದೇಹ ನಿಲ್ಲುವ, ಬಾಗುವ, ಭಾರ ಹೊರುವ ಬಗೆ ತಿಳಿಯದೆ ಶಿಲ್ಪವೂ ಆಗದು, ಚಿತ್ರವೂ ಆಗದು. ಮಾಡೆಲ್ ಆಗಿ ಕೂರುವವರು ದಿನದ ಕೂಲಿಗೆ ಗಂಟೆಗಟ್ಟಲೆ ಅಲುಗಾಡದೆ ಕೂತು ದುಡಿದವರು, ಅನೇಕರು ಅದೇ ಊರಿನ ವಯಸ್ಸಾದವರು. ಆ ಚಿತ್ರಗಳ ಮುಂದೆ ನಗಬೇಡಿ. ಗುರುತು ಸಿಕ್ಕರೂ ಹೆಸರು ಕೂಗಬೇಡಿ. ನಗ್ನ ಅಧ್ಯಯನಗಳಿದ್ದರೆ ಅವುಗಳ ಫೋಟೋ ಯಾವ ಕಾರಣಕ್ಕೂ ತೆಗೆಯುವಂತಿಲ್ಲ.

ಧರ್ಮ, ಜಾತಿ, ರಾಜಕೀಯದ ಬಗ್ಗೆ ನಿಮಗೆ ಒಪ್ಪಿಗೆಯಿಲ್ಲದ ಚಿತ್ರವೂ ಇರಬಹುದು. ಮಾಡಿದವರನ್ನು ಕೇಳಿ, ಮೇಷ್ಟ್ರನ್ನು ಕೇಳಿ, ಅಭಿಪ್ರಾಯ ಪುಸ್ತಕದಲ್ಲಿ ಬರೆಯಿರಿ, ವಾದ ಮಾಡಿ. ಒಂದು ಮೂಲೆಯ ಫೋಟೋ ತೆಗೆದು ಗುಂಪುಗಳಿಗೆ ಹರಿಬಿಟ್ಟು ಜನ ಸೇರಿಸುವುದನ್ನು ಮಾತ್ರ ಮಾಡಲೇಬಾರದು. 2007ರ ಮೇ ತಿಂಗಳಲ್ಲಿ ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದಲ್ಲಿ ಪರೀಕ್ಷೆಯ ಮೌಲ್ಯಮಾಪನಕ್ಕೆಂದು ಇಟ್ಟಿದ್ದ ಕೃತಿಗಳ ವಿರುದ್ಧ ಹೊರಗಿನವರು ನುಗ್ಗಿ ಗಲಾಟೆ ಮಾಡಿದರು. ಪೊಲೀಸರು ಬಂಧಿಸಿದ್ದು ಪರೀಕ್ಷೆಗೆ ಆ ಕೃತಿಗಳನ್ನಿಟ್ಟಿದ್ದ ವಿದ್ಯಾರ್ಥಿಯನ್ನು, ಅಮಾನತಾದದ್ದು ವಿದ್ಯಾರ್ಥಿಯ ಬೆನ್ನಿಗೆ ನಿಂತ ಪ್ರಭಾರ ಡೀನ್. 1950ರಲ್ಲಿ ಆರಂಭವಾಗಿ, ಎನ್.ಎಸ್. ಬೇಂದ್ರೆ, ಕೆ.ಜಿ. ಸುಬ್ರಮಣ್ಯನ್ ಅಂಥ ಕಲಾವಿದರು ಪಾಠ ಹೇಳಿದ ಜಾಗದಲ್ಲಿ ನಡೆದದ್ದಿದು. ವಿದ್ಯಾರ್ಥಿ ತಪ್ಪು ಮಾಡಿಯೂ ಕಲಿಯಬೇಕು, ಅತಿಗೆ ಹೋಗಿಯೂ ಕಲಿಯಬೇಕು. ಅದಕ್ಕೆ ಕಾಲೇಜಿಗಿಂತ ಸುರಕ್ಷಿತವಾದ ಜಾಗ ಬೇರೆ ಇಲ್ಲ, ಆ ಸುರಕ್ಷತೆ ಈಗ ನೋಡುಗರ ಕೈಯಲ್ಲೂ ಇದೆ.

ಅಭಿಪ್ರಾಯ ಪುಸ್ತಕ

‘ತುಂಬಾ ಚೆನ್ನಾಗಿದೆ, ಶುಭವಾಗಲಿ’ ಎಂದು ಬರೆದು ಸಹಿ ಹಾಕಿದರೆ ಅದು ಯಾರಿಗೂ ಸೇರುವುದಿಲ್ಲ. ಯಾವ ಕೃತಿ, ಏನು ಕಂಡಿರಿ, ಎಲ್ಲಿ ಎಡವಿತು ಬರೆಯಿರಿ. ‘ಮೂರನೇ ಕೋಣೆಯ ಬಸ್ ಸ್ಟ್ಯಾಂಡ್ ಚಿತ್ರದಲ್ಲಿ ಕೂತವರ ಕಾಲುಗಳನ್ನಷ್ಟೇ ನೋಡಿದೆ. ಬಸ್ಸಿಗೆ ಕಾಯುವವರು ಯಾರು, ಹೋಗಲು ಜಾಗವಿಲ್ಲದೆ ಕೂತವರು ಯಾರು ತಿಳಿಯಿತು. ಹಿಂದಿನ ಗೋಡೆಯ ಹಸಿರು ಸ್ವಲ್ಪ ಜಾಸ್ತಿ.’ ಇಂಥ ಮೂರು ಸಾಲನ್ನು ವಿದ್ಯಾರ್ಥಿಗಳು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳುತ್ತಾರೆ. ಕನ್ನಡದಲ್ಲೇ ಬರೆಯಿರಿ, ಅಕ್ಷರ ಕೆಟ್ಟದಾದರೂ ಅಡ್ಡಿಯಿಲ್ಲ. ಬರೆಯಲು ಬಾರದವರು ಹೇಳಿ ಬರೆಸಬಹುದು.

ಏನಾದರೂ ಹಾನಿಯಾದರೆ

ತಕ್ಷಣ ಹೇಳಿ. ಬಿದ್ದ ಚೂರನ್ನು ನೀವಾಗಿ ಅಂಟಿಸಬೇಡಿ, ಕಲೆಯನ್ನು ಕರವಸ್ತ್ರದಿಂದ ಒರೆಸಬೇಡಿ, ಓರೆಯಾದ ಚೌಕಟ್ಟನ್ನು ಸರಿ ಮಾಡಬೇಡಿ. ಸಣ್ಣ ಚೂರುಗಳೂ ಬೇಕು, ಕಾಲಿನಲ್ಲಿ ಬದಿಗೆ ತಳ್ಳಬೇಡಿ. ಯಾರೂ ನಿಮ್ಮ ಮೇಲೆ ಕೂಗಾಡುವುದಿಲ್ಲ. ಮಾಡಿದವರ ಮುಂದೆ ನಿಂತು ‘ನನ್ನಿಂದ ಹೀಗಾಯಿತು’ ಎನ್ನುವುದು ನಿಮ್ಮ ಜವಾಬ್ದಾರಿ.

ಕೊಳ್ಳುವವರಿಗೆ

ಕೊಳ್ಳಿ. ಮೊದಲ ಸಲ ಮಾರಾಟವಾದ ಚಿತ್ರದ ಹಣದಲ್ಲಿ ಮುಂದಿನ ಆರು ತಿಂಗಳ ಕ್ಯಾನ್ವಾಸು ಬಣ್ಣ ಕೊಂಡವರಿದ್ದಾರೆ. ಆದರೆ ಇದು ಬೆಂಗಳೂರಿನಲ್ಲಿ ಜನವರಿಯಲ್ಲಿ ನಡೆಯುವ ಚಿತ್ರಸಂತೆ ಅಲ್ಲ. ಅದು ನಡೆಯುವ ಕುಮಾರಕೃಪಾ ರಸ್ತೆಯಲ್ಲಿ ಚೌಕಾಸಿಗೆ ಜಾಗವಿದೆ, ಇಲ್ಲಿ ಇಲ್ಲ. ಚೀಟಿಯ ಮೇಲೆ ಬೆಲೆ ಇದ್ದರೆ ಅದೇ ಬೆಲೆ. ಬೆಲೆ ಇಲ್ಲದಿದ್ದರೆ ವಿಭಾಗದವರ ಎದುರು ಕೇಳಿ, ಹುಡುಗನನ್ನು ಮೂಲೆಗೆ ಕರೆದು ಒಪ್ಪಿಸಬೇಡಿ, ಸಂಕೋಚಕ್ಕೆ ಅರ್ಧಕ್ಕೇ ತಲೆಯಾಡಿಸುತ್ತಾನೆ. ‘ನಮ್ಮ ಆಫೀಸಿನಲ್ಲಿ ಹಾಕಿಕೊಳ್ಳುತ್ತೇವೆ, ನಾಲ್ಕು ಜನ ನೋಡುತ್ತಾರೆ’ ಎಂದು ಪುಕ್ಕಟೆ ಕೇಳುವುದನ್ನು ಸರಕಾರಿ ಕಚೇರಿಯವರೂ ಖಾಸಗಿಯವರೂ ನಿಲ್ಲಿಸಬೇಕು. ಚೀಟಿಯ ಮೇಲೆ ಕೆಂಪು ಬೊಟ್ಟು ಅಂಟಿಸಿದ್ದರೆ ಅದು ಮಾರಾಟವಾಗಿದೆ, ಹೆಚ್ಚು ಕೊಡುತ್ತೇನೆಂದರೂ ಸಿಗದು.

ಹಣ ಕೊಟ್ಟು ರಶೀದಿ ಪಡೆಯಿರಿ. ಚಿತ್ರದ ಹಿಂಬದಿಯಲ್ಲಿ ಹೆಸರು, ಶೀರ್ಷಿಕೆ, ಮಾಧ್ಯಮ, ಇಸವಿ ಬರೆಸಿ ಸಹಿ ಹಾಕಿಸಿಕೊಳ್ಳಿ. ನೀವು ಕೊಂಡದ್ದು ಆ ಚಿತ್ರವನ್ನು, ಅಚ್ಚು ಹಾಕುವ ಹಕ್ಕು ಬರಹದಲ್ಲಿ ಕೊಡದ ಹೊರತು ವಿದ್ಯಾರ್ಥಿಯ ಬಳಿಯೇ ಉಳಿಯುತ್ತದೆ. ಪ್ರದರ್ಶನ ಮುಗಿಯುವವರೆಗೆ ಕೃತಿ ಗೋಡೆಯ ಮೇಲೇ ಇರಬೇಕು, ನಡುವೆ ಬಿಚ್ಚಿಕೊಡಲು ಒತ್ತಾಯಿಸಬೇಡಿ. ಕೊನೆಯ ದಿನ ಸಂಜೆ ಬಾಗಿಲು ಹಾಕಿದ ಮೇಲೆ ರಶೀದಿ ತೋರಿಸಿ ಒಯ್ಯಿರಿ. ಬರುವಾಗ ಒಗೆದ ಹಳೆಯ ಹತ್ತಿ ಸೀರೆಯೋ ಬೆಡ್‌ಶೀಟೋ ತನ್ನಿ. ತೈಲಚಿತ್ರದ ಮುಖಕ್ಕೆ ಬಟ್ಟೆಯಾಗಲಿ ಪ್ಲಾಸ್ಟಿಕ್ಕಾಗಲಿ ತಾಗದಂತೆ ನಾಲ್ಕು ಮೂಲೆಗೂ ರಟ್ಟಿನ ತುಂಡು ಕೊಟ್ಟು ಸುತ್ತಬೇಕು, ಅದನ್ನು ವಿದ್ಯಾರ್ಥಿಗಳೇ ಮಾಡಿಕೊಡುತ್ತಾರೆ. ಬಸ್ಸಿನ ಟಾಪಿಗೆ ಹಾಕಬೇಡಿ, ಮಲಗಿಸಬೇಡಿ, ಸೀಟಿನ ಪಕ್ಕ ನಿಲ್ಲಿಸಿಕೊಂಡು ಹೋಗಿ. ಮನೆಯಲ್ಲಿ ಬಿಸಿಲು ನೇರ ಬೀಳದ, ಒಲೆಯ ಹೊಗೆ ತಾಗದ ಗೋಡೆಗೆ ಹಾಕಿ, ಹಾಕಿದ ಮೇಲೆ ಒಂದು ಫೋಟೋ ತೆಗೆದು ಮಾಡಿದವರಿಗೆ ಕಳಿಸಿ.